ಗೇಲಾರ್ಡನ ಹೆಪ್ಪು

ಮಂಡಿ ಚಿಪ್ಪು ಬದಲಾಯಿಸಿಕೊಂಡ ವರ್ಷವೇ ವರ್ಲಿನ್ ಟ್ವೀಟನ್ ಹಸುಗಳನ್ನೂ ಮಾರಿದ. ನಲವತ್ತನಾಲ್ಕು ವರ್ಷ ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ ಹಾಲು ಕರೆದವನು. ಹಸುಗಳು ಟ್ರಕ್ಕು ಹತ್ತಿ ಹೋದ ಮೇಲೂ ನಾಲ್ಕೂವರೆಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಎದ್ದು, ಬೂಟು ಹಾಕಿಕೊಂಡು, ಕೊಟ್ಟಿಗೆಗೆ ಹೋಗಿ ದೀಪ ಹಾಕುತ್ತಿದ್ದ. ಖಾಲಿ ಕಟಾಂಜನಗಳ ನಡುವೆ ಒಂದು ಸುತ್ತು ಬಂದು, ದೀಪ ಆರಿಸಿ, ಅಡುಗೆಮನೆಯ ಮೇಜಿನ ಮುಂದೆ ಬಂದು ಕೂರುತ್ತಿದ್ದ. ಹೆಂಡತಿ ಆರ್ಡಿಸ್ ಒಂದು ತಿಂಗಳು ನೋಡಿಯೂ ನೋಡದಂತಿದ್ದಳು. ಎರಡನೆಯ ತಿಂಗಳು ಕೇಳಿಯೇ ಬಿಟ್ಟಳು.

"ಆ ಕೊಟ್ಟಿಗೇಲಿ ಏನು ದೆವ್ವ ಕಟ್ಟಿದೀಯ, ದಿನಾ ಹೋಗಿ ನೋಡ್ಕೊಂಡು ಬರೋಕೆ?"

"ಅಭ್ಯಾಸ."

"ಒಂದು ನಾಯೀನಾದ್ರೂ ತಾ."

"ನಾಯಿ ಕಾಲಿಗೆ ತೊಡರುತ್ತೆ. ಈ ಮಂಡಿ ಹೋದ್ರೆ ಇನ್ನೊಂದು ಹಾಕಲ್ಲ ಅಂದಿದಾರೆ."

ಮಂಡಿಗೆ ವ್ಯಾಯಾಮ ಮಾಡಿಸುವ ಕಡೆ, ಕಾಯುವ ಕೋಣೆಯಲ್ಲಿ ಗೋಡೆಯುದ್ದದ ಗಾಜಿನ ಮೀನಿನ ತೊಟ್ಟಿಯೊಂದಿತ್ತು. ಅದನ್ನೇ ನೋಡುತ್ತ ಕೂತವನಿಗೆ ತನ್ನ ಹೆಸರು ಕೂಗಿದ್ದು ಎರಡು ಸಲ ಕೇಳಿಸಿರಲಿಲ್ಲ. ಮನೆಗೆ ಬಂದು "ಮೀನು" ಅಂದ. ಆರ್ಡಿಸ್ ನಕ್ಕಳು. ಆಮೇಲೆ, ಅವನು ನಗುತ್ತಿಲ್ಲ ಎಂಬುದನ್ನು ಕಂಡು, ಕಿಟಕಿಯ ಕೆಳಗಿದ್ದ ಹೊಲಿಗೆ ಯಂತ್ರವನ್ನು ಎಲ್ಲಿಗೆ ಸರಿಸಬಹುದು ಎಂದು ಯೋಚಿಸತೊಡಗಿದಳು.

ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ವರ್ಲಿನ್ ಜೀವನದಲ್ಲಿ ಹೊಸ ಟ್ರ್ಯಾಕ್ಟರನ್ನೂ ಕೊಂಡವನಲ್ಲ. ಮೊದಲು ನೋಡಿದ ತೊಟ್ಟಿ ಪಕ್ಕದ ಕೌಂಟಿಯವನೊಬ್ಬನದು. ಅದರಲ್ಲಿ ಅವನು ಓತಿಕ್ಯಾತ ಸಾಕಿದ್ದನಂತೆ. ಹಸು ಕೊಳ್ಳುವಾಗ ಕೆಚ್ಚಲು ಸವರಿ ನೋಡುವ ಹಾಗೆ ವರ್ಲಿನ್ ಒಳಮೂಲೆಗಳ ಅಂಟಿನ ಮೇಲೆ ಹೆಬ್ಬೆರಳಿನ ಉಗುರು ಎಳೆದ. ಅಂಟು ಚಕ್ಕೆಯಾಗಿ ಎದ್ದು ಬಂತು.

"ನೀರು ನಿಲ್ಲುತ್ತಾ ಇದ್ರಲ್ಲಿ?" ಎಂದು ಕೇಳಿದ.

"ಓತಿಕ್ಯಾತಕ್ಕೆ ನೀರು ಎಲ್ಲಿ ಬೇಕು?" ಅಂದ ಅವನು.

ಎರಡನೆಯದು ಮೇವಿನ ಅಂಗಡಿಯ ಹಲಗೆಯ ಮೇಲೆ ಸಿಕ್ಕಿತು. ಕೈಯಲ್ಲಿ ಬರೆದ ಚೀಟಿ: "ಗಾಜಿನ ತೊಟ್ಟಿ, ಐವತ್ತೈದು ಗ್ಯಾಲನ್, ಅದನ್ನು ಇಡುವ ಕಾಲುಮಣೆ ಸಹಿತ. ಮೀನು ಒಂದು. ಬೇರೆ ಬೇರೆ ಕೊಡುವುದಿಲ್ಲ." ಹೆಸರು ನೋಡುವ ಮೊದಲೇ ಅಕ್ಷರ ಗುರುತಾಯಿತು. ಮಿಸೆಸ್ ಫಾಸ್. ಕಣಿವೆಯಲ್ಲಿ ಒಂದೇ ಕೋಣೆಯ ಶಾಲೆ ಇದ್ದ ಕಾಲದಲ್ಲಿ, ಇಪ್ಪತ್ತು ವರ್ಷದ ಹುಡುಗಿಯಾಗಿ ಬಂದು ಪಾಠ ಹೇಳಿದವಳು. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳೆಲ್ಲ ಮೇಜಿನ ಮೇಲೆ ಕೈ ಚಾಚಬೇಕಿತ್ತು, ಅವಳು ಸಾಲಿನ ನಡುವೆ ನಡೆದು ಉಗುರು ನೋಡುತ್ತಿದ್ದಳು. ವರ್ಲಿನ್ ಒಂದು ದಿನವೂ ಸಿಕ್ಕಿಬಿದ್ದವನಲ್ಲ. ಅವನ ಪಕ್ಕ ಕೂರುತ್ತಿದ್ದ ಗೇಲಾರ್ಡ್ ಮಿಶ್ಕಾ ದಿನವೂ ಕೈ ತೊಳೆಯಲು ಹಿತ್ತಲಿನ ಪಂಪಿಗೆ ಹೋಗುತ್ತಿದ್ದ.

ಮಿಸೆಸ್ ಫಾಸ್‌ಗೆ ಈಗ ಎಪ್ಪತ್ತೆಂಟು. ಊರಿನ ಮನೆ ಮಾರಿ, ಮಗಳ ಹತ್ತಿರದ ಎರಡು ಕೋಣೆಯ ವಸತಿಗೆ ಹೊರಟಿದ್ದಳು. ಅಲ್ಲಿ ತೊಟ್ಟಿಗೆ ಅಪ್ಪಣೆ ಇರಲಿಲ್ಲ.

"ನಿನಗಿಂತ ಮುಂಚೆ ಇಬ್ಬರು ಬಂದಿದ್ರು," ಅಂದಳು. "ಒಬ್ಬನಿಗೆ ತೊಟ್ಟಿ ಮಾತ್ರ ಬೇಕಿತ್ತು. ಇನ್ನೊಬ್ಬ ಮೀನು ತಿನ್ನೋಕೆ ಚೆನ್ನಾಗಿರುತ್ತಾ ಅಂದ. ತಮಾಷೆಗೇ ಅಂದ, ಆದ್ರೂ ಕಳಿಸಿಬಿಟ್ಟೆ."

ಮೀನು ಅಂಗೈಗಿಂತ ಉದ್ದವಿತ್ತು. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆ, ಬಾಯಿಯ ಸುತ್ತ ಸಣ್ಣ ಮೀಸೆ. ತೊಟ್ಟಿಯ ಮೂಲೆಯಲ್ಲಿ ಪಕ್ಕಕ್ಕೆ ಮಗ್ಗುಲಾಗಿ ಬಿದ್ದಿತ್ತು.

"ಸತ್ತು ಹೋಗಿದೆ," ಅಂದ ವರ್ಲಿನ್.

"ಮಲಗಿದಾನೆ. ಈ ಜಾತೀನೇ ಹಾಗೆ, ಮಗ್ಗುಲಾಗೇ ಮಲಗೋದು. ಹೆಸರು ಪ್ರಿನ್ಸಿಪಾಲ್."

"ಯಾಕೆ?"

"ಹಗಲೆಲ್ಲ ನಿದ್ದೆ. ಊಟದ ಹೊತ್ತಿಗೆ ಸರಿಯಾಗಿ ಹೊರಗೆ ಬರ್ತಾನೆ. ನಾನು ನಲವತ್ತು ವರ್ಷ ಅಂಥವರ ಕೈಕೆಳಗೇ ಕೆಲಸ ಮಾಡಿದ್ದು." ಅವಳು ಡಬ್ಬಿಯಿಂದ ಒಂದು ಗುಳಿಗೆ ಹಾಕಿದಳು. ಮೀನು ಎದ್ದು ಬಂದು ಅದನ್ನು ಬಾಯಿಗೆಳೆದುಕೊಂಡಿತು. ಟಕ್ ಎಂದು ಸದ್ದಾಯಿತು, ಗಾಜಿಗೆ ಯಾರೋ ಉಗುರಿನಿಂದ ಬಡಿದ ಹಾಗೆ. "ಕೇಳಿಸ್ತಾ? ಸುಖವಾಗಿದ್ರೆ ಹಾಗೆ ಸದ್ದು ಮಾಡ್ತಾನೆ. ಹತ್ತೊಂಬತ್ತು ವರ್ಷ ಆಯ್ತು ಇವನಿಗೆ. ಇನ್ನೂ ಐದಾರು ವರ್ಷ ಬಾಳ್ತಾನೆ, ನೋಡ್ಕೊಂಡ್ರೆ."

"ನೋಡ್ಕೋತೀನಿ, ಮಿಸೆಸ್ ಫಾಸ್."

"ಅದಕ್ಕೇ ನಿನಗೆ ಕೊಡ್ತಿರೋದು. ಹೊತ್ತಿಗೆ ಸರಿಯಾಗಿ ಏಳೋ ಗಂಡಸು ಈ ಕಣಿವೇಲಿ ನನಗೆ ಗೊತ್ತಿರೋದು ನೀನೊಬ್ಬನೇ. ನಾನು ಹೊರಡೋಕೆ ಇನ್ನು ಒಂದು ತಿಂಗಳಿದೆ. ಅವನು ಅಲ್ಲಿ ನೆಲೆ ನಿಂತದ್ದು ನೋಡಿಯೇ ಹೊರಡಬೇಕು."

ಅವಳು ಮೀನನ್ನು ಎರಡು ದಿನದ ಮಟ್ಟಿಗೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿಗೆ ಬಿಟ್ಟಳು. ವರ್ಲಿನ್ ಗಾಜಿನ ತೊಟ್ಟಿಯನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದ. ಕೊಟ್ಟಿಗೆಗೆ ಅಂಟಿದ ಹಾಲಿನ ಕೋಣೆಯ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ತೊಟ್ಟಿ ಇಟ್ಟು, ಅಂಚಿನವರೆಗೆ ಬಾವಿ ನೀರು ತುಂಬಿದ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿದರೆ ಪತ್ರಿಕೆ ಎಲ್ಲೂ ನೆನೆದಿರಲಿಲ್ಲ. ನೀರು, ಜಲ್ಲಿ, ಗಾಜು ಎಲ್ಲ ಸೇರಿ ಎಷ್ಟು ತೂಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೆಳೆದ ಒಂದು ಕಡಸಿನಷ್ಟು. ಕೂರುವ ಕೋಣೆಯಲ್ಲಿ ಕಡಸು ಕಟ್ಟಿದರೆ ನೆಲ ಏನಾದೀತು ಎಂದು ನೆಲಮಾಳಿಗೆಗೆ ಇಳಿದು, ತೊಲೆಯ ಕೆಳಗೆ ಒಂದು ಕಬ್ಬಿಣದ ಊರೆಗಂಬ ಕೊಟ್ಟ. ಕಾಲುಮಣೆಯ ಮೇಲೆ ರಸಮಟ್ಟ ಇಟ್ಟು, ಒಂದು ಕಾಲಿಗೆ ಇಸ್ಪೀಟೆಲೆ ಮಡಚಿ ಸಿಕ್ಕಿಸಿದ. ಬಿಸಿಲು ನೇರವಾಗಿ ಬಿದ್ದರೆ ಪಾಚಿ ಕಟ್ಟುತ್ತದೆ ಎಂದು ಮಿಸೆಸ್ ಫಾಸ್ ಹೇಳಿದ್ದರಿಂದ ಕಿಟಕಿ ಬಿಟ್ಟು ಒಳಗೋಡೆಗೆ ಸರಿಸಿದ. ಹೊಲಿಗೆ ಯಂತ್ರ ತನ್ನ ಜಾಗದಲ್ಲೇ ಉಳಿಯಿತು.

ಮೂರನೆಯ ದಿನ ಮೀನು ತರಲು ಹೋದಾಗ ಅವಳು ಹಳೆಯ ಜಲ್ಲಿಯನ್ನು ಬಕೆಟ್ಟಿನಲ್ಲಿ ಕೊಟ್ಟಳು. ನೀರು ಸೋಸುವ ಡಬ್ಬಿಯೊಳಗಿನ ಸ್ಪಂಜನ್ನು, ತೊಟ್ಟಿಯ ನೀರಿನ ಸಮೇತ, ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಇಟ್ಟಿಗೆ ಗಾತ್ರದ, ಕಂದುಬಣ್ಣಕ್ಕೆ ತಿರುಗಿದ, ಲೋಳೆಲೋಳೆಯಾದ ಸ್ಪಂಜು.

"ಎಲ್ಲಕ್ಕಿಂತ ಮುಖ್ಯ ಇದು. ಒಣಗೋಕೆ ಬಿಡಬೇಡ," ಅಂದಳು.

"ಬಿಡಲ್ಲ."

ಬಿಡಲೂ ಇಲ್ಲ. ಮನೆಗೆ ಬಂದವನು ಮೀನನ್ನು ಅದು ಬಂದ ಪ್ಲಾಸ್ಟಿಕ್ ತೊಟ್ಟಿಯಲ್ಲೇ ಬೆಚ್ಚಗೆ ಇರಿಸಿ, ಜಲ್ಲಿ, ಸ್ಪಂಜು, ಕೊಳವೆ ಎಲ್ಲವನ್ನೂ ಹಾಲಿನ ಕೋಣೆಗೆ ಒಯ್ದ. ಅಲ್ಲಿ ಗೋಡೆಯ ಮೇಲೆ ಹದಿನೇಳು ಫಲಕಗಳಿದ್ದವು. ಹಾಲಿನಲ್ಲಿ ಬ್ಯಾಕ್ಟೀರಿಯಾ ಅತಿ ಕಡಿಮೆ ಇದ್ದುದಕ್ಕೆ ಡೇರಿಯವರು ವರ್ಷವರ್ಷವೂ ಕೊಟ್ಟದ್ದು. ಅವುಗಳ ಕೆಳಗಿನ ಅವಳಿ ತೊಟ್ಟಿಯಲ್ಲಿ ಎಲ್ಲವೂ ನಡೆದುಕೊಂಡು ಬಂದ ಕ್ರಮದಲ್ಲೇ ನಡೆಯಿತು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಸುಡುನೀರು ಮತ್ತು ಸಾಬೂನಿನ ಪುಡಿ, ಆಮೇಲೆ ಕ್ಲೋರಿನ್ ನೀರು, ಕೊನೆಗೆ ಬಾವಿ ನೀರಿನಲ್ಲಿ ಮೂರು ಸಲ. ಸ್ಪಂಜನ್ನು ಹಿಂಡಿ ಹಿಂಡಿ ತೊಳೆದ. ಅದು ಹಳದಿಯೆಂದು ಆಗ ಗೊತ್ತಾಯಿತು. ಒಂದು ಕ್ಷಣವೂ ಒಣಗಲು ಬಿಡಲಿಲ್ಲ. ಮೂಗಿಗೆ ಹಿಡಿದು ಕ್ಲೋರಿನ್ ವಾಸನೆ ಪೂರ್ತಿ ಹೋಯಿತೆಂದು ಖಾತ್ರಿ ಮಾಡಿಕೊಂಡ.

ಜಲ್ಲಿ ಹರವಿ, ನೀರು ತುಂಬಿ, ಕಾಯಿಸುವ ಕೋಲು ಇಳಿಬಿಟ್ಟು, ನೀರು ಹದಕ್ಕೆ ಬಂದ ಮೇಲೆ ಪ್ರಿನ್ಸಿಪಾಲನನ್ನು ಬಿಟ್ಟ. ಆರ್ಡಿಸ್ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಗಾಜೇ ಇಲ್ಲವೇನೋ ಅನ್ನೋ ಹಾಗಿದೆ," ಅಂದಳು.

ವರ್ಲಿನ್‌ಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಮರುದಿನದಿಂದ ಕೊಟ್ಟಿಗೆಯ ದೀಪ ಹತ್ತಲಿಲ್ಲ. ಬೆಳಿಗ್ಗೆ ಐದಕ್ಕೆ ಒಂದು ಗುಳಿಗೆ, ಸಂಜೆ ಐದಕ್ಕೆ ಒಂದು ಗುಳಿಗೆ. ಮೀನು ತಿನ್ನುತ್ತಿತ್ತು. ಮೊದಲ ಮೂರು ದಿನ ಟಕ್ ಸದ್ದೂ ಕೇಳಿಸಿತು. ನಾಲ್ಕನೆಯ ದಿನ ಕೇಳಿಸಲಿಲ್ಲ. ಐದನೆಯ ದಿನ ಗುಳಿಗೆ ಜಲ್ಲಿಯ ಮೇಲೆ ಹಾಗೇ ಉಳಿಯಿತು. ಮೀನು ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು.

"ಅದಕ್ಕೇನೋ ಆಗಿದೆ," ಅಂದಳು ಆರ್ಡಿಸ್.

"ಮಲಗಿದೆ. ಈ ಜಾತೀನೇ ಹಾಗಂತೆ."

"ಯಾರು ಹೇಳಿದ್ದು?"

"ಮಿಸೆಸ್ ಫಾಸ್."

ಮಿಸೆಸ್ ಫಾಸ್ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಪ್ರಶ್ನಿಸುವ ರೂಢಿ ಇರಲಿಲ್ಲ. ಆ ದಿನ ಹಾಗೇ ಕಳೆಯಿತು. ಆರನೆಯ ದಿನ ಬೆಳಿಗ್ಗೆ ಅವನು ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತ. ಮಲಗಿದ ಹಸುವಿಗೂ ಬಿದ್ದ ಹಸುವಿಗೂ ವ್ಯತ್ಯಾಸ ಅವನಿಗೆ ಗೊತ್ತಿತ್ತು. ಎರಡೂ ನೆಲದ ಮೇಲೇ ಇರುತ್ತವೆ. ಮಲಗಿದ್ದು ಮೆಲುಕು ಹಾಕುತ್ತಿರುತ್ತದೆ, ಬಿದ್ದದ್ದರ ಪಕ್ಕೆ ತಿದಿಯಂತೆ ಏರಿಳಿಯುತ್ತಿರುತ್ತದೆ. ಕೈಗಡಿಯಾರ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಮೀನಿನ ಕಿವಿರಿನ ಬಡಿತ ಎಣಿಸಿದ. ನಿಮಿಷಕ್ಕೆ ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟ. ಕಿವಿರಿನ ಅಂಚು ಕೆಂಪಾಗಿ ಬಾತಿತ್ತು. ಕಿತ್ತಳೆ ಬಣ್ಣ ಒಗೆದ ಅಂಗಿಯಂತೆ ಮಾಸಿತ್ತು.

ಏಳು ಗಂಟೆಯಾಗುವವರೆಗೆ ಕಾದು ಮಿಸೆಸ್ ಫಾಸ್‌ಗೆ ಫೋನ್ ಮಾಡಿದ.

"ನೀರು ಯಾವುದು?" ಎಂದು ಕೇಳಿದಳು.

"ಬಾವೀದು."

"ಬಿಸಿ?"

"ನೀವು ಹೇಳಿದಷ್ಟೇ."

"ಸ್ಪಂಜು ಒಣಗಿಸಿದೆಯಾ?"

"ಇಲ್ಲ. ತೊಳೆಯೋವಾಗಲೂ ನೀರಲ್ಲೇ ಇತ್ತು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಯಾವುದರಲ್ಲಿ ತೊಳೆದೆ, ವರ್ಲಿನ್?"

ಅವನು ಹೇಳಿದ. ಸಾಬೂನಿನ ಪುಡಿ, ಕ್ಲೋರಿನ್, ಮೂರು ಸಲ ಬಾವಿ ನೀರು, ಎಲ್ಲವನ್ನೂ ಕ್ರಮವಾಗಿ ಹೇಳಿದ. ಜಲ್ಲಿಯ ವಿಷಯವನ್ನೂ ಬಿಡಲಿಲ್ಲ.

"ನಿಮ್ಮಪ್ಪ ಹಾಲು ಹಾಕ್ತಿದ್ದ ಚೀಸ್ ಕಾರ್ಖಾನೆ ನೆನಪಿದೆಯಾ, ಅಡ್ಡರಸ್ತೇಲಿ?" ಅಂದಳು ಮಿಸೆಸ್ ಫಾಸ್. ಪಾಠ ಹೇಳುವ ದನಿಯೇ.

"ನೆನಪಿದೆ."

"ಅಲ್ಲಿ ಹೆಪ್ಪಿನ ಪಾತ್ರೆ ಒಂದಿತ್ತು. ಅದನ್ನ ಯಾರಾದ್ರೂ ಕ್ಲೋರಿನ್ ಹಾಕಿ ತೊಳೀತಿದ್ರಾ?"

"ತೊಳೆದ್ರೆ ಮರುದಿನ ಚೀಸ್ ಎಲ್ಲಿಂದ ಬರುತ್ತೆ?"

"ಆ ಸ್ಪಂಜು ನನ್ನ ತೊಟ್ಟಿಯ ಹೆಪ್ಪು. ಮೀನಿನ ಗಂಜಲ ತಿಂದು ನೀರನ್ನ ನೀರಾಗಿ ಇಟ್ಟಿದ್ದು ಅದರೊಳಗಿನ ಬ್ಯಾಕ್ಟೀರಿಯಾ. ಕಣ್ಣಿಗೆ ತಿಳಿಯಾಗಿದೆ ಅಷ್ಟೇ, ಅವನು ಈಗ ತನ್ನ ಗಂಜಲದಲ್ಲೇ ಮಲಗಿದಾನೆ."

ಗಂಜಲದಲ್ಲಿ ಮಲಗಿದ ದನ ವರ್ಲಿನ್‌ನ ಕೊಟ್ಟಿಗೆಯಲ್ಲಿ ಒಂದು ದಿನವೂ ಇರಲಿಲ್ಲ.

"ತಪ್ಪು ನಂದೂ ಇದೆ," ಅಂದಳು ಅವಳು. "ಒಣಗಿಸಬೇಡ ಅಂದೆ, ತೊಳೀಬೇಡ ಅನ್ನಲಿಲ್ಲ. ಯಾರಿಗೆ ಹೇಳ್ತಿದೀನಿ ಅನ್ನೋದು ಮರೆತೆ. ಈಗ ಕೇಳು. ಮೇವು ನಿಲ್ಲಿಸು. ದಿನಕ್ಕೆರಡು ಸಲ ಅರ್ಧ ನೀರು ತೆಗೆದು ಹೊಸದು ಹಾಕು, ಅದೇ ಬಿಸೀದು. ಆದ್ರೆ ಹೆಪ್ಪಿಲ್ಲದೆ ಅದು ಹೆಚ್ಚು ದಿನ ನಡೆಯಲ್ಲ. ಮೀನಿರೋ ನೀರಲ್ಲಿ ತಿಂಗಳುಗಟ್ಟಲೆ ಇದ್ದ ಸ್ಪಂಜು ಬೇಕು. ಈ ಕಣಿವೇಲಿ ಇರೋದು ಒಂದೇ ಕಡೆ."

"ಎಲ್ಲಿ?"

"ಗೇಲಾರ್ಡ್ ಮಿಶ್ಕಾನ ಮನೇಲಿ. ದನ ನೀರು ಕುಡಿಯೋ ತೊಟ್ಟೀಲಿ ಬೇಸಿಗೆ ಎಲ್ಲ ಚಿನ್ನದ ಮೀನು ಬಿಟ್ಟಿರ್ತಾನಲ್ಲ, ಚಳಿಗಾಲಕ್ಕೆ ಅವನ್ನ ನೆಲಮಾಳಿಗೆಗೆ ತರ್ತಾನೆ." ಹಿಂದೆಯೇ ಕೇಳಿದಳು: "ನೀನು ಹೋಗ್ತೀಯೋ, ನಾನು ಫೋನ್ ಮಾಡ್ಲೋ?"

"ನಾನೇ ಹೋಗ್ತೀನಿ."

ಇಬ್ಬರ ಮನೆಗೂ ನಡುವೆ ಎರಡು ಮೈಲಿ. ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರ ಹಾಲೂ ಒಂದೇ ಟ್ರಕ್ಕಿನಲ್ಲಿ ಹೋಗುತ್ತಿತ್ತು. ಗೇಲಾರ್ಡನ ಕೊಟ್ಟಿಗೆ ಕೊಳಕು, ಅವನ ಹಾಲು ಬಿದ್ದ ಟ್ರಕ್ಕಿಗೆ ತನ್ನ ಹಾಲು ಹಾಕುವುದಿಲ್ಲವೆಂದು ವರ್ಲಿನ್ ಡೇರಿಯವರಿಗೆ ಹೇಳಿದ್ದ. ಗೇಲಾರ್ಡನನ್ನು ಬೇರೆ ಟ್ರಕ್ಕಿಗೆ ಹಾಕಿದರು. ಯಾರು ಹೇಳಿದ್ದು ಎಂಬುದು ಆ ವಾರವೇ ಅವನಿಗೆ ತಿಳಿಯಿತು. ಅಂದಿನಿಂದ ರಸ್ತೆಯಲ್ಲಿ ಎದುರಾದರೆ ಸ್ಟೀರಿಂಗಿನ ಮೇಲಿನ ಒಂದು ಬೆರಳು ಎತ್ತುವಷ್ಟೇ ಇಬ್ಬರ ನಡುವೆ ಉಳಿದಿತ್ತು.

ಹಿಮ ಕಾಲಡಿಯಲ್ಲಿ ಕಿರುಗುಟ್ಟುವಷ್ಟು ಚಳಿ. ವರ್ಲಿನ್ ಕರುಗಳಿಗೆ ಹಾಲುಣಿಸುತ್ತಿದ್ದ ಮುಚ್ಚಳದ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ತುಂಬಿಕೊಂಡು ಹೊರಟ. ಗೇಲಾರ್ಡ್ ಬಾಗಿಲು ತೆರೆದ. ಕೈಯಲ್ಲಿ ಕಾಫಿ, ಕಾಲಲ್ಲಿ ಬೇರೆ ಬೇರೆ ಬಣ್ಣದ ಕಾಲುಚೀಲ.

"ಯಾರು ತೀರಿಹೋದ್ರು?" ಎಂದು ಕೇಳಿದ.

"ಇನ್ನೂ ಯಾರೂ ಇಲ್ಲ."

"ಹಾಗಾದ್ರೆ ದಾರಿ ತಪ್ಪಿರ್ಬೇಕು ನಿನಗೆ."

"ನಿನ್ನ ಮೀನಿನ ತೊಟ್ಟೀಲಿ ಸ್ಪಂಜು ಇದೆಯಂತೆ."

"ಇದೆ."

"ಅದನ್ನ ತೊಳೆದು ಎಷ್ಟು ದಿನ ಆಯ್ತು?"

ಗೇಲಾರ್ಡ್ ಕಾಫಿ ಗುಟುಕರಿಸಿದ. "ಹಾಲು ನಿಲ್ಲಿಸಿದ ಮೇಲೆ ಇನ್ಸ್‌ಪೆಕ್ಟರ್ ಕೆಲಸಕ್ಕೆ ಸೇರಿದೆಯಾ?"

"ತೊಳೆದಿದೀಯೋ ಇಲ್ವೋ, ಅದನ್ನ ಹೇಳು."

"ತೊಳೆದೇ ಇಲ್ಲ. ಏನೀಗ?"

"ಹಾಗಾದ್ರೆ ಅದರಲ್ಲಿ ಅರ್ಧ ಕೊಡು."

ಗೇಲಾರ್ಡ್ ಬಾಗಿಲು ಇನ್ನಷ್ಟು ತೆರೆದ. ಅಡುಗೆಮನೆಯ ಮೇಜಿನ ಮೇಲಿದ್ದ ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಮೊಣಕೈಯಿಂದ ಸರಿಸಿ ಅವನನ್ನು ಕೂರಿಸಿದ. ವರ್ಲಿನ್ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ನಗಲಿಲ್ಲ. ಮುಗಿದ ಮೇಲೂ ನಗಲಿಲ್ಲ, ಮೂಗಿನ ತುದಿ ಮಾತ್ರ ಕೆಂಪಾಯಿತು.

"ನನ್ನ ಕೊಳೆ ಬೇಕು ನಿನಗೆ," ಅಂದ.

"ಬೇಕು."

"ಕೇಳಿಸ್ಲಿಲ್ಲ. ಹಾಲು ತಣ್ಣಗಿಡೋ ಕಂಪ್ರೆಸರ್ ಪಕ್ಕದಲ್ಲಿ ಮೂವತ್ತು ವರ್ಷ ನಿಂತು ಕಿವಿ ಹೋಗಿದೆ."

"ಬೇಕು ಅಂದೆ."

"ಆ ಟ್ರಕ್ಕಿನ ವಿಷಯ ನೆನಪಿದೆಯಾ?"

"ನೆನಪಿದೆ."

"ನನಗೂ ಇದೆ," ಅಂದ ಗೇಲಾರ್ಡ್. ಎದ್ದು, ಗೋಡೆಗೆ ತೂಗುಹಾಕಿದ್ದ ಗೊರಸು ಕತ್ತರಿಸುವ ಬಾಗು ಚಾಕು ತೆಗೆದುಕೊಂಡು ನೆಲಮಾಳಿಗೆಗೆ ಇಳಿದ.

ಕೆಳಗೆ ಹಳೆಯ ಸ್ನಾನದ ತೊಟ್ಟಿಯಲ್ಲಿ ಒಂಬತ್ತು ಚಿನ್ನದ ಮೀನುಗಳಿದ್ದವು. ಅತಿ ದೊಡ್ಡದು ಮೊಣಕೈಯಷ್ಟಿತ್ತು. ತೊಟ್ಟಿಯ ಗೋಡೆ ಹಸಿರು ಮಖಮಲ್ಲಿನಂತಿತ್ತು. ವರ್ಲಿನ್ ಬಗ್ಗಿ ಮೂಸಿದ. ಕೆಟ್ಟ ವಾಸನೆ ಇರಲಿಲ್ಲ. ಮಳೆ ಬಂದು ನಿಂತ ಮೇಲಿನ ನೆಲದ ವಾಸನೆ. ಗೇಲಾರ್ಡ್ ತೋಳು ಮಡಚಿ ಕೈ ಇಳಿಬಿಟ್ಟು ರೊಟ್ಟಿ ಗಾತ್ರದ ಕಪ್ಪು ಸ್ಪಂಜೊಂದನ್ನು ಎತ್ತಿದ. ತೊಟ್ಟಿಯ ಅಂಚಿನ ಮೇಲಿಟ್ಟು ಎರಡು ಹೋಳು ಮಾಡಿದ. ಎರಡನ್ನೂ ತೂಗಿ ನೋಡುವವನಂತೆ ಒಂದು ಗಳಿಗೆ ನಿಂತು, ದೊಡ್ಡದನ್ನು ಬಕೆಟ್ಟಿಗೆ ಹಾಕಿದ.

"ಐದು ದಿನ ಏನೂ ಹಾಕ್ಬೇಡ. ಬೇಡಿದ್ರೂ ಹಾಕ್ಬೇಡ," ಅಂದ. "ಮತ್ತೆ ಇನ್ನೊಂದು. ಭಾನುವಾರ ಚರ್ಚಿನ ನೆಲಮಾಳಿಗೇಲಿ ಕಾಫಿಗೆ ಕೂತಾಗ ಹೇಳ್ಬೇಕು, ಯಾರ ಕೊಳೆ ಅಂತ. ಎಲ್ಲರ ಮುಂದೆ."

ವರ್ಲಿನ್ ಬಕೆಟ್ಟಿನ ಮುಚ್ಚಳ ಒತ್ತಿದ. "ಮೀನು ಬದುಕಿದ್ರೆ ಹೇಳ್ತೀನಿ."

"ಸತ್ರೆ ಹೇಗೂ ಹೇಳ್ತೀಯ," ಅಂದ ಗೇಲಾರ್ಡ್.

ಆ ಸ್ಪಂಜನ್ನು ಡಬ್ಬಿಯೊಳಗೆ ಇಳಿಸುವಾಗ ತೊಟ್ಟಿಯ ತುಂಬ ಕಂದು ಮೋಡ ಎದ್ದಿತು. ಆರ್ಡಿಸ್ ಅಡುಗೆಮನೆಯ ಬಾಗಿಲಿಂದ ಒಮ್ಮೆ ನೋಡಿ ಒಳಗೆ ಹೋದಳು. ಅಂದಿನಿಂದ ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ವರ್ಲಿನ್ ಬಕೆಟ್ಟು ಹೊತ್ತ. ಹೊಸ ನೀರಿನಲ್ಲಿ ಒಂದು ಕೈ, ತೊಟ್ಟಿಯಲ್ಲಿ ಒಂದು ಕೈ ಇಟ್ಟು, ಎರಡೂ ಒಂದೇ ಹದ ಎನಿಸುವವರೆಗೆ ಬೆರೆಸುತ್ತಿದ್ದ. ಕರುಗಳ ಹಾಲಿನ ಹದ ನೋಡಿ ಅಭ್ಯಾಸವಾಗಿದ್ದ ಕೈ. ಪ್ರತಿ ಸಲವೂ ಕಿವಿರು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದ. ಎರಡನೆಯ ದಿನ ಸಂಜೆ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಾಗ ಎಣಿಕೆಯ ಜಾಗದಲ್ಲಿ ಬರೀ ಒಂದು ಗೆರೆ ಎಳೆದ. ಮೊದಲ ಭಾನುವಾರ ಚರ್ಚಿಗೇ ಹೋಗಲಿಲ್ಲ. ನೀರು ಹೊತ್ತು ಮುಗಿದಿಲ್ಲ ಅಂದ. ಆರ್ಡಿಸ್ ಒಬ್ಬಳೇ ಹೋಗಿ ಬಂದು, "ಗೇಲಾರ್ಡ್ ಕೇಳ್ದ," ಅಂದಳು.

"ಏನಂತ?"

"ಮಂಡಿ ಹೇಗಿದೆ ಅಂತ."

ಆರನೆಯ ದಿನಕ್ಕೆ ಎಣಿಕೆ ಎಪ್ಪತ್ತಕ್ಕಿಳಿಯಿತು. ಎಂಟನೆಯ ದಿನ ಬಣ್ಣ ಮರಳಿತು. ಅಂದು ಗುಳಿಗೆಯೊಂದನ್ನು ಎರಡು ತುಂಡು ಮಾಡಿ ಅರ್ಧ ಹಾಕಿದ. ಮೀನು ಅದನ್ನು ಮೂಸಿ, ಮೀಸೆ ತಾಗಿಸಿ, ಬಿಟ್ಟು ಹೋಯಿತು. ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಕಾಫಿ ಆರಿತು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಆರ್ಡಿಸ್ ಕೂಗಿದಳು, "ಕೋಣೆ ಹೀಟರ್ ಮತ್ತೆ ಟಕ್ ಅಂತಿದೆ ನೋಡು, ರಿಪೇರಿಯವನನ್ನ ಕರೆಸ್ಬೇಕು."

"ಹೀಟರ್ ಅಲ್ಲ," ಅಂದ ವರ್ಲಿನ್.

ಎರಡನೆಯ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆಯ ಮೇಜಿನ ಒಂದು ತುದಿಗೆ ಮಿಸೆಸ್ ಫಾಸ್ ಕೂತಿದ್ದಳು. ಗೇಲಾರ್ಡ್ ಎದುರು ಸಾಲಿನಲ್ಲಿ ಖರ್ಜೂರದ ಬಿಲ್ಲೆ ತಿನ್ನುತ್ತಿದ್ದ. ವರ್ಲಿನ್ ಕಾಫಿ ಹಿಡಿದು ಬಂದು ಅವಳ ಪಕ್ಕ ಕುಳಿತ.

"ಪ್ರಿನ್ಸಿಪಾಲ್ ಹೇಗಿದಾನೆ?" ಎಂದು ಕೇಳಿದಳು.

"ಏಳ್ತಾನೆ. ತಿಂತಾನೆ. ಸದ್ದೂ ಮಾಡ್ತಾನೆ."

ಮಿಸೆಸ್ ಫಾಸ್ ತಲೆ ಆಡಿಸಿ ಕಾಫಿಗೆ ಸಕ್ಕರೆ ಹಾಕಿಕೊಂಡಳು. ಮೂರು ಚಮಚ ಹಾಕಿ ಬಹಳ ಹೊತ್ತು ಕದಡಿದಳು. "ಹಾಗಾದ್ರೆ ಹೊರಡಬಹುದು ನಾನು," ಅಂದಳು.

ಗೇಲಾರ್ಡ್ ಅಗಿಯುವುದು ನಿಲ್ಲಿಸಿ ಕಾಯುತ್ತಿದ್ದ. ವರ್ಲಿನ್ ಲೋಟ ಕೆಳಗಿಟ್ಟ.

"ಅದರೊಳಗಿರೋ ಹೆಪ್ಪು ಗೇಲಾರ್ಡ್‌ದು," ಅಂದ. "ತೊಳೆದೇ ಇಲ್ಲದ್ದು."

"ಕೇಳಿಸ್ಲಿಲ್ಲ," ಅಂದ ಗೇಲಾರ್ಡ್.

ವರ್ಲಿನ್ ಇನ್ನೊಮ್ಮೆ, ಹೊಲದ ಆ ಅಂಚಿನವನಿಗೆ ಹೇಳುವ ದನಿಯಲ್ಲಿ ಹೇಳಿದ. ಮೇಜಿನ ಆ ತುದಿಯಲ್ಲಿದ್ದ ಪಾದ್ರಿಯೂ ತಿರುಗಿ ನೋಡಿದರು. ಹಾಲು ಕರೆದವರೇ ಕೂತಿದ್ದ ಮೇಜು ಅದು. ಟ್ರಕ್ಕಿನ ಸಂಗತಿ ಅವರಿಗೆಲ್ಲ ಗೊತ್ತಿತ್ತು.

"ಇಬ್ಬರೂ ಕೈ ತೋರಿಸಿ," ಅಂದಳು ಮಿಸೆಸ್ ಫಾಸ್.

ಅರವತ್ತಾರು ವರ್ಷದ ಇಬ್ಬರೂ ಮೇಜಿನ ಮೇಲೆ ಕೈ ಚಾಚಿದರು. ಗೇಲಾರ್ಡನ ಉಗುರಿನಲ್ಲಿ ಗ್ರೀಸು ಇತ್ತು. ವರ್ಲಿನ್‌ನ ಉಗುರಿನ ಅಂಚಿನಲ್ಲಿ ತೆಳ್ಳಗೆ ಹಸಿರುಗಪ್ಪು ಗೆರೆ ಇತ್ತು; ಬೆಳಿಗ್ಗೆ ಎರಡು ಸಲ ಉಜ್ಜಿದರೂ ಹೋಗಿರಲಿಲ್ಲ. ಮಿಸೆಸ್ ಫಾಸ್ ಕನ್ನಡಕ ಏರಿಸಿಕೊಂಡು ನಾಲ್ಕೂ ಕೈಗಳನ್ನು ನೋಡಿದಳು. ಆಮೇಲೆ ಖರ್ಜೂರದ ಬಿಲ್ಲೆಗಳ ತಟ್ಟೆಯನ್ನು ಅವರ ಕಡೆಗೆ ಸರಿಸಿದಳು.